ಅಬ್ಬಾ ಹಚ್ಚುವ ಹಳದಿ, ಪರದೆ ತೋರಿಸುವ ಹಳದಿ

ಒಂದೇ ಫೋಟೊವನ್ನು ಎರಡು ಮೊಬೈಲ್‌ಗಳಲ್ಲಿ ತೆರೆದು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಎರಡರಲ್ಲೂ ಬಣ್ಣ ಒಂದೇ ಇರುವುದು ಅಪರೂಪ. ಒಂದರಲ್ಲಿ ಬಿಳಿ ಸ್ವಲ್ಪ ನೀಲಿ ಕಡೆಗೆ, ಇನ್ನೊಂದರಲ್ಲಿ ಸ್ವಲ್ಪ ಹಳದಿ ಕಡೆಗೆ ವಾಲಿರುತ್ತದೆ. ನಾವು ಇದನ್ನು ನೋಡುತ್ತೇವೆ, ಸುಮ್ಮನಾಗುತ್ತೇವೆ. ಕ್ರಿಕೆಟ್ ನೋಡುವವರಿಗೆ, ಸ್ಟೇಟಸ್ ನೋಡುವವರಿಗೆ ಇದರಿಂದ ನಷ್ಟವೇನೂ ಇಲ್ಲ. ಆದರೆ ಬಣ್ಣವನ್ನೇ ನಂಬಿ ಒಲೆ ಹಚ್ಚುವ ಮನೆಗಳಿಗೆ ನಷ್ಟವಿದೆ. ನಮ್ಮ ಮನೆ ಅಂಥದ್ದು.

ನಮ್ಮ ಅಬ್ಬಾ ಚನ್ನಪಟ್ಟಣದ ಗೊಂಬೆ ಕೆಲಸದವರು. ಆಲೆ ಮರದ ತುಂಡನ್ನು ಲೇತಿಗೆ ಹಾಕಿ ತಿರುಗಿಸಿ ಆಕಾರ ಕೊಡುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಒಣ ಎಲೆಯಿಂದ ಒತ್ತಿ ತಿಕ್ಕಿದರೆ ಹೊಳಪು ಬರುತ್ತದೆ. ಹಳದಿಗೆ ಅರಿಶಿನ, ನೀಲಿಗೆ ಇಂಡಿಗೊ. ಇಷ್ಟು ವರ್ಷ ಕೊಳ್ಳುವವರು ಅಂಗಡಿಗೆ ಬಂದು, ಕೈಯಲ್ಲಿ ಹಿಡಿದು ನೋಡಿ ತೆಗೆದುಕೊಳ್ಳುತ್ತಿದ್ದರು. ಈಗ ಅರ್ಧಕ್ಕಿಂತ ಹೆಚ್ಚು ಆರ್ಡರ್ ಮೊಬೈಲ್‌ನಲ್ಲೇ ಬರುತ್ತದೆ. ಫೋಟೊ ಕಳಿಸಬೇಕು, ಅವರು ಬಣ್ಣ ಒಪ್ಪಬೇಕು, ನಂತರ ಕೆಲಸ.

ಕಳೆದ ವರ್ಷ ಬೇರೆ ಊರಿನ ಒಬ್ಬ ವ್ಯಾಪಾರಿ ಮಕ್ಕಳು ಉಂಗುರ ಜೋಡಿಸುವ ಆಟಿಕೆಗೆ ದೊಡ್ಡ ಆರ್ಡರ್ ಕೊಟ್ಟರು. ಸರಕು ತಲುಪಿದ ಮೇಲೆ ಫೋನ್ ಬಂತು. "ಭಾಯ್, ಫೋಟೊದಲ್ಲಿ ಇದ್ದ ಹಳದಿ ಇದಲ್ಲ. ಅದು ಮಾವಿನ ಹಣ್ಣಿನ ಹಳದಿ, ನೀವು ಕಳಿಸಿದ್ದು ನಿಂಬೆ ಹಳದಿ." ಅಬ್ಬಾ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಸರಕು ವಾಪಸ್ ಬಂತು. ಎರಡೂ ಕಡೆಯ ಲಾರಿ ಬಾಡಿಗೆ ನಮ್ಮ ತಲೆಗೆ ಬಿತ್ತು.

ಅಬ್ಬಾಗೆ ಹಣಕ್ಕಿಂತ ಹೆಚ್ಚಾಗಿ ನೋವಾದದ್ದು ಬೇರೆ ಮಾತಿಗೆ. "ತೋರಿಸೋದು ಒಂದು, ಕೊಡೋದು ಒಂದು" ಎಂದು ಆ ವ್ಯಾಪಾರಿ ಹೇಳಿದ್ದರು. ಅಳತೆಯಲ್ಲಿ, ತೂಕದಲ್ಲಿ, ಮಾತಿನಲ್ಲಿ ವ್ಯತ್ಯಾಸ ಬಂದರೆ ಆ ಸಂಪಾದನೆ ಹಲಾಲ್ ಆಗುವುದಿಲ್ಲ ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟವರು ಅವರು. ಆ ರಾತ್ರಿ ನನ್ನನ್ನು ಕರೆದು, "ಬೇಟಾ, ನೀನು ಎಲೆಕ್ಟ್ರಾನಿಕ್ಸ್ ಓದ್ತೀಯಲ್ಲ. ನನ್ನ ಕಣ್ಣು ಸುಳ್ಳು ಹೇಳ್ತಿದೆಯೋ, ಫೋನು ಸುಳ್ಳು ಹೇಳ್ತಿದೆಯೋ ನೋಡಿ ಹೇಳು" ಎಂದರು.

ಮರುದಿನ ಮಧ್ಯಾಹ್ನದ ಬೆಳಕಿನಲ್ಲಿ ಆ ಹಳದಿ ಉಂಗುರವನ್ನು ಬಿಳಿ ಕಾಗದದ ಮೇಲಿಟ್ಟು ಫೋಟೊ ತೆಗೆದೆ. ಬಿಳಿ ಕಾಗದ ಏಕೆಂದರೆ ಕ್ಯಾಮೆರಾ ಕೂಡ ತನ್ನ ಲೆಕ್ಕದಲ್ಲಿ ಬಣ್ಣ ತಿದ್ದುತ್ತದೆ. ಕಾಗದ ಬಿಳಿಯಾಗಿಯೇ ಬಂದಿದ್ದರೆ ಆ ತಿದ್ದುಪಡಿ ಸರಿಯಿದೆ ಎಂದುಕೊಳ್ಳಬಹುದು. ಅದೇ ಫೋಟೊವನ್ನು ಅಬ್ಬಾ ಅವರ ಫೋನ್, ಅಣ್ಣನ ಫೋನ್, ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ನಾಲ್ಕು ಮಾನಿಟರ್‌ಗಳಲ್ಲಿ ನೋಡಿದೆವು. ಅಬ್ಬಾ ಫೋನಿನಲ್ಲಿ ಉಂಗುರ ಇದ್ದಂತೆಯೇ ಕಂಡಿತು, ಆದರೆ ಫೋನನ್ನು ಓರೆ ಮಾಡಿದರೆ ಬಣ್ಣ ಬದಲಾಯಿತು. ಅಣ್ಣನ ಫೋನಿನಲ್ಲಿ ಮಾವಿನ ಹಣ್ಣಿನ ಹಳದಿ. ಲ್ಯಾಬಿನಲ್ಲಿ ನಾಲ್ಕು ಮಾನಿಟರ್‌ಗೆ ನಾಲ್ಕು ಹಳದಿ. ಫೈಲ್ ಒಂದೇ, ಅದರೊಳಗಿನ ಸಂಖ್ಯೆಗಳೂ ಒಂದೇ. ಹಾಗಾದರೆ ಸಂಖ್ಯೆ ಬೆಳಕಾಗುವ ದಾರಿಯಲ್ಲಿ ಎಲ್ಲೋ ವ್ಯತ್ಯಾಸ ಬರುತ್ತಿದೆ.

ನಮ್ಮ ಎಲೆಕ್ಟ್ರಾನಿಕ್ಸ್ ಸರ್‌ಗೆ ಇದನ್ನು ಹೇಳಿದಾಗ ಅವರು ಕೆಟ್ಟು ಮೂಲೆ ಸೇರಿದ್ದ ಒಂದು ಎಲ್‌ಸಿಡಿ ಮಾನಿಟರ್ ತರಿಸಿದರು. ಪ್ಲಗ್ ತೆಗೆದು, ಕೆಪಾಸಿಟರ್‌ಗಳನ್ನು ಡಿಸ್ಚಾರ್ಜ್ ಮಾಡಿ, ಸ್ಕ್ರೂ ಬಿಚ್ಚಿ ತೋರಿಸಿದರು. ಗಾಜಿನ ಒಂದು ಅಂಚಿನ ಉದ್ದಕ್ಕೂ ತೆಳುವಾದ ಕಂದು ಬಣ್ಣದ ಫಿಲ್ಮ್ ಪಟ್ಟಿಗಳು, ಪ್ರತಿ ಪಟ್ಟಿಯ ಮೇಲೂ ಕಡ್ಡಿಯಂಥ ಸಣ್ಣ ಕಪ್ಪು ಚಿಪ್. "ಇವು ಸೋರ್ಸ್ ಡ್ರೈವರ್‌ಗಳು. ಬಣ್ಣದ ಪಂಚಾಯಿತಿ ಬಹುಪಾಲು ಇಲ್ಲೇ ನಡೆಯೋದು" ಎಂದರು. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದು ಆ ಪಂಚಾಯಿತಿಯ ಕಥೆ.

ಪರದೆಯ ಪ್ರತಿ ಚುಕ್ಕೆಯಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಉಪಚುಕ್ಕೆಗಳಿವೆ. ಹಳದಿ ಎಂಬ ಉಪಚುಕ್ಕೆ ಇಲ್ಲ. ಕೆಂಪು ಮತ್ತು ಹಸಿರು ಒಟ್ಟಿಗೆ ಬೆಳಗಿದಾಗ ನಮ್ಮ ಕಣ್ಣು ಅದನ್ನು ಹಳದಿ ಎಂದು ಓದಿಕೊಳ್ಳುತ್ತದೆ. ಹಸಿರು ಸ್ವಲ್ಪ ಕಡಿಮೆಯಾದರೆ ಹಳದಿ ಮಾವಿನ ಹಣ್ಣಿನ ಕಡೆಗೆ, ಇನ್ನೂ ಕಡಿಮೆಯಾದರೆ ಕಿತ್ತಳೆ ಕಡೆಗೆ ಹೋಗುತ್ತದೆ. ಹಸಿರು ಹೆಚ್ಚಾದರೆ ನಿಂಬೆ ಕಡೆಗೆ. ಅಂದರೆ ಅಬ್ಬಾ ಮತ್ತು ಆ ವ್ಯಾಪಾರಿಯ ನಡುವೆ ಜಗಳ ತಂದಿಟ್ಟದ್ದು ಹಸಿರಿನ ಮಟ್ಟದಲ್ಲಿನ ಒಂದು ಸಣ್ಣ ವ್ಯತ್ಯಾಸ.

ಪ್ರತಿ ಬಣ್ಣಕ್ಕೂ ಸಾಮಾನ್ಯವಾಗಿ 0 ಯಿಂದ 255 ರವರೆಗೆ 256 ಮಟ್ಟಗಳು. ಮೂರನ್ನೂ ಸೇರಿಸಿದರೆ 256 × 256 × 256, ಅಂದರೆ 1,67,77,216 ಬಣ್ಣಗಳು. 128ನೇ ಮಟ್ಟ ಎಂದರೆ ಅರ್ಧ ಬೆಳಕು ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ನಮ್ಮ ಕಣ್ಣು ಕತ್ತಲಿನ ಸಣ್ಣ ವ್ಯತ್ಯಾಸವನ್ನು ಚೆನ್ನಾಗಿ ಗುರುತಿಸುತ್ತದೆ, ಬೆಳಕಿನ ಸಣ್ಣ ವ್ಯತ್ಯಾಸವನ್ನು ಅಷ್ಟಾಗಿ ಗುರುತಿಸುವುದಿಲ್ಲ. ಅದಕ್ಕಾಗಿ ಮಟ್ಟವನ್ನು 255 ರಿಂದ ಭಾಗಿಸಿ, ಬಂದದ್ದಕ್ಕೆ ಸುಮಾರು 2.2 ಘಾತ ಹಾಕಿ ಬೆಳಕನ್ನು ನಿರ್ಧರಿಸುವ ವಾಡಿಕೆ ಇದೆ. ಇದನ್ನು ಗಾಮಾ ಎನ್ನುತ್ತಾರೆ. ಈ ಲೆಕ್ಕದಲ್ಲಿ 128ನೇ ಮಟ್ಟಕ್ಕೆ ಪೂರ್ಣ ಬೆಳಕಿನ ಸುಮಾರು ಶೇಕಡ 22 ಮಾತ್ರ.

ಈಗ ಹಳದಿಗೆ ಬನ್ನಿ. ಕೆಂಪು 255, ಹಸಿರು 200, ನೀಲಿ 0 ಎಂದಿರಲಿ. ಗಾಮಾ 2.2 ಇದ್ದರೆ ಹಸಿರು ತನ್ನ ಪೂರ್ಣ ಬೆಳಕಿನ ಸುಮಾರು ಶೇಕಡ 59 ಕೊಡಬೇಕು. ಒಂದು ಪರದೆಯಲ್ಲಿ ಹಸಿರಿನ ಗಾಮಾ ಮಾತ್ರ 2.5 ಆಗಿದ್ದರೆ ಅದು ಸುಮಾರು ಶೇಕಡ 54 ಕೊಡುತ್ತದೆ. ಕೆಂಪು 255 ರಲ್ಲೇ ಇರುವುದರಿಂದ ಅದು ಬದಲಾಗುವುದಿಲ್ಲ. ಹಸಿರು ಮಾತ್ರ ಇಳಿಯಿತು, ಹಳದಿ ಮಾವಿನ ಹಣ್ಣಾಯಿತು. ಕ್ಯಾಲ್ಕುಲೇಟರ್ ಇದ್ದವರು ತಾವೇ ಮಾಡಿ ನೋಡಬಹುದು.

ಸಂಖ್ಯೆಯನ್ನು ಬೆಳಕಾಗಿಸುವ ಕೆಲಸ ಹೇಗೆ ನಡೆಯುತ್ತದೆ? ಎಲ್‌ಸಿಡಿಯಲ್ಲಿ ಹಿಂದಿನಿಂದ ಒಂದೇ ಸಮನೆ ಬಿಳಿ ಬೆಳಕು ಬರುತ್ತಿರುತ್ತದೆ. ಎರಡು ಪೋಲರಾಯ್ಡ್ ಹಾಳೆಗಳ ನಡುವೆ ದ್ರವ ಸ್ಫಟಿಕ ಇದೆ. ಅದಕ್ಕೆ ಕೊಡುವ ವೋಲ್ಟೇಜ್ ಬದಲಾದಂತೆ ಅಣುಗಳು ವಾಲುತ್ತವೆ, ಹೊರಬರುವ ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಆದರೆ ವೋಲ್ಟೇಜ್ ಮತ್ತು ಬೆಳಕಿನ ಸಂಬಂಧ ನೇರ ಗೆರೆಯಲ್ಲ. ಮೊದಲು ನಿಧಾನ, ಮಧ್ಯದಲ್ಲಿ ಕಡಿದಾದ ಏರಿಕೆ, ಕೊನೆಗೆ ಮತ್ತೆ ನಿಧಾನ. ಹೀಗಾಗಿ 256 ಮಟ್ಟಗಳಿಗೆ ಸಮ ಅಂತರದ 256 ವೋಲ್ಟೇಜ್ ಕೊಟ್ಟರೆ ಚಿತ್ರ ಕೆಡುತ್ತದೆ. ಯಾವ ಮಟ್ಟಕ್ಕೆ ಎಷ್ಟು ವೋಲ್ಟ್ ಎಂಬುದನ್ನು ಲೆಕ್ಕ ಹಾಕಿ ಕೊಡಬೇಕು.

ಇಲ್ಲಿ ನನಗೆ ನಿಜವಾಗಿ ಆಶ್ಚರ್ಯವಾಯಿತು. ಈ ಲೆಕ್ಕ ಮಾಡುವುದು ನಾವು ಭೌತಶಾಸ್ತ್ರದಲ್ಲಿ ಓದುವ ಪೊಟೆನ್ಶಿಯಲ್ ಡಿವೈಡರ್! ಸೋರ್ಸ್ ಡ್ರೈವರ್ ಚಿಪ್‌ನ ಒಳಗೆ ರೆಸಿಸ್ಟರ್‌ಗಳ ಉದ್ದನೆಯ ಸರಣಿ ಇರುತ್ತದೆ. ಅದರ ಎರಡು ತುದಿಗೂ ನಡುವಿನ ಕೆಲವು ಜಾಗಗಳಿಗೂ ನಿಖರವಾದ ಗಾಮಾ ವೋಲ್ಟೇಜ್‌ಗಳನ್ನು ಹೊರಗಿನಿಂದ ಕೊಡುತ್ತಾರೆ. ರೆಸಿಸ್ಟರ್‌ಗಳ ಬೆಲೆ ಸಮಾನವಾಗಿರುವುದಿಲ್ಲ, ಗಾಮಾ ರೇಖೆಗೆ ತಕ್ಕಂತೆ ಇರುತ್ತವೆ. ಏಣಿಯ ಪ್ರತಿ ಮೆಟ್ಟಿಲಿನಲ್ಲಿ ಒಂದೊಂದು ವೋಲ್ಟೇಜ್ ಸಿಗುತ್ತದೆ. 200 ಎಂಬ ಸಂಖ್ಯೆ ಬಂದರೆ 200ನೇ ಮೆಟ್ಟಿಲಿನ ವೋಲ್ಟೇಜ್ ಆರಿಸಿ ಕಳಿಸಲಾಗುತ್ತದೆ. ಉದಾಹರಣೆಗೆ 5 ವೋಲ್ಟನ್ನು 256 ಪಾಲು ಮಾಡಿದರೆ ಸರಾಸರಿ ಒಂದು ಪಾಲು 20 ಮಿಲಿವೋಲ್ಟ್‌ಗಿಂತ ಕಡಿಮೆ. ಇಷ್ಟು ಸಣ್ಣ ತಪ್ಪು ಕೂಡ ಬಣ್ಣದ ಒಂದು ಮೆಟ್ಟಿಲು ಮೇಲೆ ಕೆಳಗೆ ಮಾಡಬಲ್ಲದು.

ಇನ್ನೊಂದು ತೊಡಕಿದೆ. ದ್ರವ ಸ್ಫಟಿಕ ಮೂರು ಬಣ್ಣಗಳನ್ನೂ ಒಂದೇ ರೀತಿ ನಡೆಸಿಕೊಳ್ಳುವುದಿಲ್ಲ. ನೀಲಿಯ ಅಲೆಯುದ್ದ ಸುಮಾರು 450 ನ್ಯಾನೊಮೀಟರ್, ಕೆಂಪಿನದು 620 ರ ಆಸುಪಾಸು. ಒಂದೇ ದಪ್ಪದ ಪದರ, ಒಂದೇ ವೋಲ್ಟೇಜ್ ಇದ್ದರೂ ಸಣ್ಣ ಅಲೆಯ ಮೇಲೆ ಆಗುವ ಪರಿಣಾಮ ಬೇರೆ, ದೊಡ್ಡ ಅಲೆಯ ಮೇಲೆ ಬೇರೆ. ಮೂರು ಬಣ್ಣಕ್ಕೂ ಒಂದೇ ಏಣಿ ಬಳಸಿದರೆ ಪೂರ್ಣ ಬಿಳಿ ಸರಿಯಾಗಿದ್ದರೂ ನಡುವಿನ ಬೂದು ಬಣ್ಣಗಳು ಒಂದು ಕಡೆಗೆ ವಾಲುತ್ತವೆ, ಹೆಚ್ಚಾಗಿ ನೀಲಿಯ ಕಡೆಗೆ. ಲ್ಯಾಬಿನಲ್ಲಿ ನಾವು ಕಪ್ಪಿನಿಂದ ಬಿಳಿಯವರೆಗೆ ಬೂದು ಪಟ್ಟಿಗಳ ಒಂದು ಚಿತ್ರ ಮಾಡಿ ನೋಡಿದಾಗ ಒಂದು ಮಾನಿಟರ್‌ನಲ್ಲಿ ಗಾಢ ಬೂದು ಪಟ್ಟಿಗಳು ಸ್ಪಷ್ಟವಾಗಿ ನೀಲಿಯಾಗಿ ಕಂಡವು.

ಇದಕ್ಕೆ ಎರಡು ಪರಿಹಾರಗಳಿವೆ. ಒಂದು, ಡ್ರೈವರ್‌ನಲ್ಲಿ ಕೆಂಪು, ಹಸಿರು, ನೀಲಿಗೆ ಪ್ರತ್ಯೇಕ ಗಾಮಾ ಏಣಿ ಕೊಡುವುದು. ಇನ್ನೊಂದು, ಡ್ರೈವರ್‌ಗಿಂತ ಮೊದಲು ಬರುವ ಟೈಮಿಂಗ್ ಕಂಟ್ರೋಲರ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದು ಕೋಷ್ಟಕ ಇಟ್ಟು, ಬಂದ ಸಂಖ್ಯೆಯನ್ನು ಮೊದಲೇ ತಿದ್ದಿ ಕಳಿಸುವುದು. ಎರಡಕ್ಕೂ ಖರ್ಚಿದೆ. ಏಣಿ ಮೂರಾದರೆ ಚಿಪ್ ದೊಡ್ಡದಾಗುತ್ತದೆ. ಕೋಷ್ಟಕದಲ್ಲಿ ತಿದ್ದಿದರೆ 256 ಮೆಟ್ಟಿಲುಗಳಲ್ಲಿ ಕೆಲವು ವ್ಯರ್ಥವಾಗುತ್ತವೆ. ಆ ಕೊರತೆ ತುಂಬಲು ಎರಡು ಅಕ್ಕಪಕ್ಕದ ಮಟ್ಟಗಳನ್ನು ಒಂದರ ನಂತರ ಒಂದು ಫ್ರೇಮ್‌ನಲ್ಲಿ ವೇಗವಾಗಿ ಬದಲಾಯಿಸಿ ತೋರಿಸುತ್ತಾರೆ. ಕಣ್ಣು ಅವುಗಳ ಸರಾಸರಿಯನ್ನು ಕಾಣುತ್ತದೆ.

ಫುಲ್ ಎಚ್‌ಡಿ ಪರದೆಯಲ್ಲಿ 1920 × 1080 ಚುಕ್ಕೆಗಳು. ಒಂದು ಸಾಲಿಗೆ 1920 × 3, ಅಂದರೆ 5,760 ಉಪಚುಕ್ಕೆಗಳು. 960 ಔಟ್‌ಪುಟ್ ಇರುವ ಚಿಪ್ ಬಳಸಿದರೆ 6 ಚಿಪ್ ಬೇಕು. ಆ ಆರೂ ಒಂದೇ ಸಂಖ್ಯೆಗೆ ಒಂದೇ ವೋಲ್ಟೇಜ್ ಕೊಡಬೇಕು. ಒಂದು ಚಿಪ್ ಸ್ವಲ್ಪ ಹೆಚ್ಚು ಕೊಟ್ಟರೆ ಪರದೆಯ ಆರನೇ ಒಂದು ಭಾಗ ಉದ್ದ ಪಟ್ಟಿಯಾಗಿ ಬೇರೆ ಕಾಣುತ್ತದೆ. ಅದಕ್ಕೇ ಆರಕ್ಕೂ ಗಾಮಾ ವೋಲ್ಟೇಜ್ ಒಂದೇ ಮೂಲದಿಂದ ಹೋಗುತ್ತದೆ. ಪ್ರತಿ ಔಟ್‌ಪುಟ್‌ನ ಕೊನೆಯಲ್ಲಿ ಒಂದು ಆಪ್-ಆಂಪ್ ಬಫರ್ ಇರುತ್ತದೆ. ಆಪ್-ಆಂಪ್‌ಗೆ ಆಫ್‌ಸೆಟ್ ಎಂಬ ಸಣ್ಣ ದೋಷ ಇರುತ್ತದೆ ಎಂದು ಓದಿದ್ದೇವೆ. ಪ್ರತಿ ಔಟ್‌ಪುಟ್‌ನ ಆಫ್‌ಸೆಟ್ ಬೇರೆ ಬೇರೆಯಾದರೆ ಪರದೆಯಲ್ಲಿ ಸಣ್ಣ ಗೆರೆಗಳು ಮೂಡುತ್ತವೆ. ಇಂಜಿನಿಯರ್‌ಗಳು ಇದಕ್ಕೆ ಜಾಣ ಉಪಾಯ ಮಾಡಿದ್ದಾರೆ. ಒಂದು ಫ್ರೇಮ್‌ನಲ್ಲಿ ಆಫ್‌ಸೆಟ್ ಕೂಡುವಂತೆ, ಇನ್ನೊಂದು ಫ್ರೇಮ್‌ನಲ್ಲಿ ಕಳೆಯುವಂತೆ ಆಪ್-ಆಂಪ್‌ನ ಒಳದಾರಿಯನ್ನು ಅದಲುಬದಲು ಮಾಡುತ್ತಾರೆ. ದೋಷ ಹೋಗುವುದಿಲ್ಲ, ಆದರೆ ಸರಾಸರಿಯಲ್ಲಿ ಅಳಿಸಿಹೋಗುತ್ತದೆ.

ಸಮಯವೂ ಕಡಿಮೆ. ಸೆಕೆಂಡಿಗೆ 60 ಚಿತ್ರ, ಪ್ರತಿ ಚಿತ್ರಕ್ಕೆ 1080 ಸಾಲು. ಒಂದು ಸಾಲಿಗೆ ಸಿಗುವುದು ಹೆಚ್ಚೆಂದರೆ ಸುಮಾರು 15.4 ಮೈಕ್ರೊಸೆಕೆಂಡ್. ಗೇಟ್ ಡ್ರೈವರ್ ಒಂದು ಸಾಲನ್ನು ತೆರೆಯುತ್ತದೆ, ಅಷ್ಟರಲ್ಲಿ ಸೋರ್ಸ್ ಡ್ರೈವರ್ 5,760 ಸಣ್ಣ ಕೆಪಾಸಿಟರ್‌ಗಳನ್ನು ಸರಿಯಾದ ವೋಲ್ಟೇಜ್‌ಗೆ ತುಂಬಿಸಬೇಕು. ತಂತಿಯ ರೆಸಿಸ್ಟೆನ್ಸ್ ಮತ್ತು ಕೆಪಾಸಿಟೆನ್ಸ್‌ನಿಂದಾಗಿ ದೂರದ ತುದಿ ನಿಧಾನವಾಗಿ ತುಂಬುತ್ತದೆ. ಬಫರ್ ದುರ್ಬಲವಾಗಿದ್ದರೆ ಪರದೆಯ ಒಂದು ಕೊನೆಯ ಬಣ್ಣ ಇನ್ನೊಂದು ಕೊನೆಗೆ ಹೊಂದುವುದಿಲ್ಲ. ಇದರ ಜೊತೆಗೆ, ದ್ರವ ಸ್ಫಟಿಕದ ಮೇಲೆ ಸದಾ ಒಂದೇ ದಿಕ್ಕಿನ ವೋಲ್ಟೇಜ್ ಇರಬಾರದು. ಇದ್ದರೆ ಅಯಾನುಗಳು ಒಂದು ಕಡೆ ಸೇರಿ ಹಳೆಯ ಚಿತ್ರದ ನೆರಳು ಉಳಿಯುತ್ತದೆ. ಅದಕ್ಕೆ ಪ್ರತಿ ಫ್ರೇಮ್‌ಗೂ ಧನ, ಋಣ ಬದಲಾಯಿಸುತ್ತಾರೆ. ಮಧ್ಯದ ಸಾಮಾನ್ಯ ವೋಲ್ಟೇಜ್ ಸರಿಯಾಗಿ ಹೊಂದದಿದ್ದರೆ ಪರದೆ ಮಿನುಗುತ್ತದೆ.

ಅಣ್ಣನ ಫೋನ್ ಓಎಲ್‌ಇಡಿ. ಅಲ್ಲಿ ಹಿಂಬದಿ ಬೆಳಕಿಲ್ಲ, ಪ್ರತಿ ಉಪಚುಕ್ಕೆಯೂ ತಾನೇ ಬೆಳಗುತ್ತದೆ. ಎಷ್ಟು ಕರೆಂಟ್ ಹರಿಯುತ್ತದೋ ಅಷ್ಟು ಬೆಳಕು. ಕರೆಂಟನ್ನು ನಿಯಂತ್ರಿಸುವುದು ಪ್ರತಿ ಉಪಚುಕ್ಕೆಯ ಕೆಳಗಿರುವ ಒಂದು ಟ್ರಾನ್ಸಿಸ್ಟರ್. ಲಕ್ಷಾಂತರ ಟ್ರಾನ್ಸಿಸ್ಟರ್‌ಗಳ ಥ್ರೆಶೋಲ್ಡ್ ವೋಲ್ಟೇಜ್ ಒಂದೇ ಆಗಿರಲು ಸಾಧ್ಯವಿಲ್ಲ. ಹಾಗಾಗಿ ಒಂದೇ ವೋಲ್ಟೇಜ್ ಕೊಟ್ಟರೂ ಕರೆಂಟ್ ಬೇರೆ ಬೇರೆಯಾಗಿ ಪರದೆಯಲ್ಲಿ ಮಬ್ಬು ಮಚ್ಚೆಗಳು ಕಾಣುತ್ತವೆ. ಜಪಾನಿ ಭಾಷೆಯ "ಮುರಾ" ಎಂಬ ಪದವನ್ನೇ ಇದಕ್ಕೆ ಎಲ್ಲರೂ ಬಳಸುತ್ತಾರೆ. ಪರಿಹಾರವಾಗಿ ಒಂದೊಂದು ಉಪಚುಕ್ಕೆಯಲ್ಲಿ 7 ಟ್ರಾನ್ಸಿಸ್ಟರ್, 1 ಕೆಪಾಸಿಟರ್ ಇಡುವ ವಿನ್ಯಾಸಗಳಿವೆ. ಬೆಳಗುವ ಮೊದಲು ಆ ಸರ್ಕ್ಯೂಟ್ ತನ್ನ ಟ್ರಾನ್ಸಿಸ್ಟರ್‌ನ ಥ್ರೆಶೋಲ್ಡನ್ನು ತಾನೇ ಅಳೆದು ಕೆಪಾಸಿಟರ್‌ನಲ್ಲಿ ಇಟ್ಟುಕೊಳ್ಳುತ್ತದೆ. ಅದರ ಮೇಲೆ ಚಿತ್ರದ ವೋಲ್ಟೇಜ್ ಸೇರುತ್ತದೆ. ಉಳಿದ ದೋಷವನ್ನು ಕಾರ್ಖಾನೆಯಲ್ಲಿ ಕ್ಯಾಮೆರಾದಿಂದ ಅಳೆದು ಮೆಮೊರಿಯಲ್ಲಿ ಬರೆದಿಡುತ್ತಾರೆ. ಇಷ್ಟಾದರೂ ನೀಲಿಯ ವಸ್ತು ಕೆಂಪು, ಹಸಿರಿಗಿಂತ ಬೇಗ ಸವೆಯುತ್ತದೆ. ವರ್ಷಗಳು ಕಳೆದಂತೆ ಅಂಥ ಪರದೆಯ ಬಿಳಿ ಹಳದಿ ಕಡೆಗೆ ಸರಿಯುತ್ತದೆ.

ಇದೆಲ್ಲ ದೂರದ ದೇಶದವರ ವಿಷಯ ಎಂದು ಯಾರೂ ತಿಳಿಯಬೇಡಿ. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಅವರ ಸಹೋದ್ಯೋಗಿಗಳು 1977ರಲ್ಲಿ ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಮುಂದೆ ಅಂಥ ಅಣುಗಳಿಂದ ಮಾಡಿದ ಫಿಲ್ಮ್‌ಗಳನ್ನು ಎಲ್‌ಸಿಡಿಗೆ ಅಂಟಿಸಿ, ಓರೆಯಾಗಿ ನೋಡಿದಾಗ ಚಿತ್ರ ಕೆಡುವುದನ್ನು ಕಡಿಮೆ ಮಾಡಿದರು. ಬಸ್ರಾದಲ್ಲಿ ಹುಟ್ಟಿ ಕೈರೊದಲ್ಲಿ ಕೆಲಸ ಮಾಡಿದ ಇಬ್ನ್ ಅಲ್-ಹೈಸಮ್ ಸಾವಿರ ವರ್ಷಗಳ ಹಿಂದೆಯೇ ಕಿತಾಬ್ ಅಲ್-ಮನಾಝಿರ್ ಎಂಬ ಗ್ರಂಥದಲ್ಲಿ, ವಸ್ತುವಿನಿಂದ ಬರುವ ಬೆಳಕು ಕಣ್ಣನ್ನು ಸೇರಿದಾಗ ನಮಗೆ ಕಾಣುತ್ತದೆ ಎಂದು ವಾದಿಸಿದ್ದರು. ಕಣ್ಣನ್ನು ಸುಮ್ಮನೆ ನಂಬದೆ ಪರೀಕ್ಷೆ ಮಾಡಿ ನೋಡಬೇಕೆಂಬುದು ಅವರ ದಾರಿ. ಲ್ಯಾಬಿನಲ್ಲಿ ಬೂದು ಪಟ್ಟಿಗಳ ಮುಂದೆ ನಿಂತಾಗ ನಾವು ಮಾಡಿದ್ದೂ ಅದನ್ನೇ.

ಅಬ್ಬಾಗೆ ಉತ್ತರ ಹೇಳಿದೆ. "ನಿಮ್ಮ ಕಣ್ಣೂ ಸುಳ್ಳು ಹೇಳ್ತಿಲ್ಲ, ಅವರ ಕಣ್ಣೂ ಸುಳ್ಳು ಹೇಳ್ತಿಲ್ಲ. ಇಬ್ಬರ ಪರದೆಯೂ ಒಂದೇ ಸಂಖ್ಯೆಗೆ ಬೇರೆ ಬೇರೆ ಬೆಳಕು ಕೊಡುತ್ತಿವೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಫೋಟೊ ಸಾಕ್ಷಿ ಅಲ್ಲ" ಎಂದರು. ಅವರೇ ದಾರಿ ಕಂಡುಕೊಂಡರು. ಈಗ ಹೊಸ ವ್ಯಾಪಾರಿಗಳಿಗೆ ತಮ್ಮ ಎಲ್ಲ ಬಣ್ಣ ಹಚ್ಚಿದ ಮರದ ಮಣಿಗಳ ಒಂದು ಸರವನ್ನು ಅಂಚೆಯಲ್ಲಿ ಮೊದಲೇ ಕಳಿಸುತ್ತಾರೆ. ಪ್ರತಿ ಮಣಿಗೂ ಸಂಖ್ಯೆ ಇದೆ. ಆರ್ಡರ್ ಕೊಡುವವರು "3ನೇ ಮಣಿಯ ಹಳದಿ" ಎಂದು ಹೇಳುತ್ತಾರೆ. ಅದೇ ಸರದ ಜೋಡಿ ನಮ್ಮ ಲೇತಿನ ಪಕ್ಕ ನೇತಾಡುತ್ತಿರುತ್ತದೆ. ಯೋಚಿಸಿದರೆ ಇದೂ ಡ್ರೈವರ್ ಚಿಪ್‌ಗಳ ಉಪಾಯವೇ. ಆರು ಚಿಪ್‌ಗಳಿಗೆ ಒಂದೇ ಮೂಲದ ವೋಲ್ಟೇಜ್ ಇದ್ದಂತೆ, ಇಬ್ಬರು ವ್ಯಾಪಾರಸ್ಥರಿಗೆ ಒಂದೇ ಮೂಲದ ಮಣಿ.

ನಮ್ಮ ತರಗತಿಯಲ್ಲಿ ಎಲೆಕ್ಟ್ರಾನಿಕ್ಸ್ ತೆಗೆದುಕೊಂಡವರು ಕಡಿಮೆ. "ಅದರಿಂದ ಏನು ಉಪಯೋಗ?" ಎಂದು ಕೇಳುವವರು ಹೆಚ್ಚು. ಒಂದು ರೆಸಿಸ್ಟರ್ ಏಣಿ ಸರಿಯಿದ್ದರೆ ಒಬ್ಬ ಕೆಲಸಗಾರನ ಮಾತು ಉಳಿಯುತ್ತದೆ, ತಪ್ಪಿದ್ದರೆ ಹೋಗುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ವೈದ್ಯರು ಎಕ್ಸ್‌ರೇ ನೋಡುವುದು ಪರದೆಯಲ್ಲಿ, ಸೀರೆ ಆರಿಸುವುದು ಪರದೆಯಲ್ಲಿ, ನಾಳೆ ನಮ್ಮ ಕಿರಿಯರು ಲಿಟ್ಮಸ್‌ನ ಬಣ್ಣ ಕಲಿಯುವುದೂ ಸ್ಮಾರ್ಟ್ ಬೋರ್ಡಿನ ಮೇಲೆಯೇ ಇರಬಹುದು. ಅಲ್ಲೆಲ್ಲ ಬಣ್ಣ ನಿಜ ಹೇಳಬೇಕಾದರೆ ಗಾಜಿನ ಅಂಚಿನಲ್ಲಿ ಯಾರಿಗೂ ಕಾಣದೆ ಕುಳಿತ ಆ ಚಿಪ್ ಪ್ರಾಮಾಣಿಕವಾಗಿರಬೇಕು. ಇನ್‌ಶಾ ಅಲ್ಲಾಹ್, ಅಂಥ ಚಿಪ್ ವಿನ್ಯಾಸ ಮಾಡುವುದನ್ನು ಕಲಿಯಬೇಕೆಂದು ನಾನು ತೀರ್ಮಾನಿಸಿದ್ದೇನೆ. ಬೂದು ಪಟ್ಟಿಗಳ ಆ ಚಿತ್ರ ಕಂಪ್ಯೂಟರ್ ಲ್ಯಾಬಿನಲ್ಲಿ ಎಲ್ಲ ಸಿಸ್ಟಮ್‌ಗಳಲ್ಲೂ ಇದೆ. ಬಿಡುವಿದ್ದಾಗ ತೆರೆದು, ಪಕ್ಕದವರ ಮಾನಿಟರ್ ಜೊತೆ ಹೋಲಿಸಿ ನೋಡಿ.